ಮಳೆ ನಿಂತ ಮೇಲಿನ ನೀರು

ಒಕುಮು ಬಾಟಲಿಯನ್ನು ಚರಂಡಿಯಿಂದ ಮೇಲೆತ್ತಿದಾಗ ಅದರೊಳಗಿನ ನೀರು ಕನ್ನಡಿಯಂತಿತ್ತು. ಪರೀಕ್ಷೆಗೆ ಮಳೆಯ ಮೊದಲ ನೀರನ್ನೇ ಹಿಡಿಯಬೇಕು, ಕಿಸುಮು ಪೇಟೆಯ ಹೊಲಸೆಲ್ಲ ಸರೋವರಕ್ಕೆ ಇಳಿಯುವುದು ಅದರಲ್ಲೇ ಎಂದು ನೀರು ತಪಾಸಣೆಯ ನೌಕರಿಯ ಮೊದಲ ದಿನವೇ ಕಲಿಸಿದ್ದರು. ಆ ಕಪ್ಪು ನೀರು ಹರಿದುಹೋಗುವಾಗ ಈ ಆಸಾಮಿ ಹೊಸ ಬೂಟು ನೆನೆದೀತೆಂದು ಅಕೆಯೊಳ ಊಟದಂಗಡಿಯ ತಗಡಿನ ಕೆಳಗೆ ಕೂತು ಉಗಾಲಿ ಮುದ್ದೆ, ಹುರಿದ ಮೀನು ಮೆಲ್ಲುತ್ತಿದ್ದ.

"ಇದೇ ನೀರಾ ಅಣ್ಣಾ ಪರೀಕ್ಷೆಗೆ?" ಒಲೆಯ ಮುಂದಿನಿಂದ ಎದ್ದುಬಂದ ಅಕೆಯೊ ಬಗ್ಗಿ ನೋಡಿದಳು. "ಎಷ್ಟು ತಿಳಿಯಾಗಿದೆ! ನಾವು ಕುಡಿಯೋ ಸರೋವರಕ್ಕೆ ಇದೇ ತಾನೆ ಸೇರೋದು? ಹಂಗಾದ್ರೆ ನಮ್ಮತ್ತೆ ಬೈಯೋದು ಸರಿ ಬಿಡು. ಮಗೂಗೆ ಭೇದಿ ಹತ್ತಿದ್ದು ನನ್ನ ಕೊಳಕು ಕೈಯಿಂದಲೇ." ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಒರೆಸಿದ ಕೈಗಳನ್ನೇ ಮತ್ತೆ ಮತ್ತೆ ಒರೆಸಿದಳು.

ಒಕುಮುವಿಗೆ ಅವಳ ಮುಖ ನೋಡಲಾಗಲಿಲ್ಲ. ಬಾಟಲಿ ಬಗ್ಗಿಸಿ ನೀರು ಚೆಲ್ಲಿದ.

"ತಪ್ಪು ನಿನ್ನ ಕೈಯದ್ದಲ್ಲ ತಂಗಿ. ಹೊಲಸು ನೀರು ಆಗಲೇ ಸರೋವರಕ್ಕೆ ಹೋಯ್ತು. ಅದನ್ನ ಹಿಡೀಬೇಕಾದವನು ನಾನು, ತಿಂತಾ ಕೂತಿದ್ದೆ."

ಅಕೆಯೊ ಬೈಯಲಿಲ್ಲ. ಬಾಣಲೆ ಕೆಳಗಿಳಿಸಿ ಮನೆಯ ಕಡೆ ತಿರುಗಿ ಕೂಗಿದಳು:

"ಅತ್ತೇ, ಬನ್ನಿ ಇಲ್ಲಿ! ಈ ಸಾಹೇಬ್ರು ನಿಮ್ಮೆದುರಿಗೂ ಒಂದು ಮಾತು ಹೇಳ್ತಾರಂತೆ."