ಶೋಕಿ ಗಾಡಿ

"ಇಳಿಸು," ಎಂದರು ದೊಡ್ಡ ಮೇಸ್ತ್ರಿ. "ಈಗಲೇ ವಾಪಸ್ ತಗೊಂಡು ಹೋಗಿ ಇಳಿಸ್ಕೊಂಡು ಬಾ."

ಮಗ ಗಾಡಿಯಿಂದ ಇಳಿಯಲಿಲ್ಲ, ಧುಮುಕಿದ. ಇಳಿಯುವಂಥ ಎತ್ತರ ಅದಾಗಿರಲಿಲ್ಲ. ಬೆಳಗ್ಗೆ ಗ್ಯಾರೇಜಿಗೆ ಹೋಗುವಾಗ ಎಲ್ಲ ಪಿಕಪ್‌ಗಳಂತೆಯೇ ಇದ್ದ ಗಾಡಿ ಈಗ ದಪ್ಪ ಟೈರುಗಳ ಮೇಲೆ ಬೀದಿಯನ್ನೇ ಕೀಳಾಗಿ ನೋಡುತ್ತ ನಿಂತಿತ್ತು. ನಾಯಿಯೊಂದು ತಲೆ ತಗ್ಗಿಸುವ ಗೋಜಿಗೂ ಹೋಗದೆ ಅದರ ಅಡಿಯಲ್ಲಿ ನಡೆದುಹೋಯಿತು.

"ಯಾಕೆ ಬೇಕಿತ್ತು ಇದು?"

"ಹೊಸ ಬಡಾವಣೆ ಕಡೆ ಬರೀ ಗುಂಡಿ ಅಪ್ಪ. ಮಳೆ ಬಂದ್ರೆ ನೀರು ನಿಲ್ಲತ್ತೆ."

"ನಾನು ಇಷ್ಟು ವರ್ಷ ಓಡಿಸಿದ್ದು ಕನ್ನಡಿಯಂಥ ರಸ್ತೆ ಮೇಲಾ?"

ಮೇಸ್ತ್ರಿ ಹೊಸ ಬಾಗಿಲನ್ನು ಪರೀಕ್ಷಿಸುವಂತೆ ಬಂಪರಿನ ಉದ್ದಕ್ಕೂ ಬೆರಳಾಡಿಸಿದರು. ಈ ಬಾಗಿಲು-ಕಿಟಕಿಗಳ ಕಾರ್ಖಾನೆ ಅವರು ಕೈಯಾರೆ ಕಟ್ಟಿದ್ದು. ಸರಕು ತುಂಬುವ ಹಲಗೆ ನಿನ್ನೆಯವರೆಗೆ ಅವರ ಸೊಂಟಕ್ಕಿತ್ತು, ಈಗ ಎದೆಗೆ ಬಂದಿತ್ತು. ಇನ್ನು ತೇಗದ ಬಾಗಿಲುಗಳನ್ನು ಹೆಗಲ ಮೇಲಕ್ಕೆತ್ತಿ ಹೇರಬೇಕು. ತಿರುವಿನಲ್ಲಿ ಗಾಡಿ ಓಲಾಡುತ್ತದೆ, ಡೀಸೆಲ್ ಕುಡಿಯುತ್ತದೆ. ಕಾಡು, ಕಲ್ಲುಗಣಿ ಸುತ್ತುವವರು ಎತ್ತರಿಸಿಕೊಂಡರೆ ಅರ್ಥವಿದೆ. ಬಾಗಿಲು ಸಾಗಿಸುವವನಿಗೆ ಯಾಕೆ?

"ಕುಳ್ಳ ಎತ್ತರ ಹಿಮ್ಮಡಿಯ ಬೂಟು ಹಾಕ್ಕೊಂಡಂಗಿದೆ," ಎಂದರು. ಕೆಲಸಗಾರರು ಕಿಸಕ್ಕನೆ ನಕ್ಕರು.

ನಗುವಿನ ಬಲದಲ್ಲಿ ಮೇಸ್ತ್ರಿ ಗಾಡಿಯ ಬಾಗಿಲು ತೆರೆದು ಕಾಲೆತ್ತಿದರು. ಮಂಡಿ ಒಪ್ಪಲಿಲ್ಲ. ಮತ್ತೊಮ್ಮೆ ಎತ್ತಿದರು. ಮಗ ಕೈ ಕೊಡಲಿಲ್ಲ. ಆಕಾಶ ನೋಡುತ್ತ ನಿಂತಿದ್ದ.

"ಮೆಟ್ಟಿಲಾದ್ರೂ ಹಾಕಿಸಬಾರದಿತ್ತೇನೋ?"

"ಮೆಟ್ಟಿಲು ಹಾಕಿದ್ರೆ ಲುಕ್ ಹೋಗತ್ತೆ ಅಪ್ಪ."

ಲುಕ್! ಮೇಸ್ತ್ರಿ ಜೇಬಿನಿಂದ ತಮ್ಮ ಬೀಗದಕೈ ತೆಗೆದು ಅವನ ಕಾಲ ಬಳಿ ಎಸೆದರು. "ಇಂಥ ನಾಟಕದ ಗಾಡಿಗೆ ನಾನು ಹತ್ತಲ್ಲ. ನೀನೇ ಮೆರೆ."

ಮರದ ಡಿಪೋಗೆ ದಿನಾ ತಾವೇ ಗಾಡಿ ಓಡಿಸಿಕೊಂಡು ಹೋಗುತ್ತಿದ್ದ ಮನುಷ್ಯ ಅಂದಿನಿಂದ ಬಸ್ಸು ಹಿಡಿದರು. ಪಕ್ಕದಲ್ಲಿ ಯಾರು ಕೂತರೂ ಮಗನ ಕಥೆ ಶುರು. ಈ ಪೀಳಿಗೆಯೇ ಹೀಗೆ. ಗೇಟಿನ ಕಂಬ ಕಟ್ಟಿದವನಿಗೆ ಅಳತೆಯ ಜ್ಞಾನವಿರಲಿಲ್ಲ, ಮೇಲಿಂದ ಮೇಲೆ ಗಾಡಿಗೆ ತಾಗುತ್ತಿತ್ತು. ಶಾಲಾ ಮಕ್ಕಳಿಗೆ ರಸ್ತೆ ದಾಟಲು ಬರುವುದಿಲ್ಲ. ತಾವು ಗಾಡಿ ಓಡಿಸುತ್ತಿದ್ದಾಗ ಒಮ್ಮೆ ಒಬ್ಬಳು ಎಲ್ಲಿಂದಲೋ ಉದ್ಭವಿಸಿದ್ದಳು. ಪಕ್ಕದಲ್ಲಿದ್ದ ಈ ಧೀರ ಕಿರುಚಿ ಹ್ಯಾಂಡ್‌ಬ್ರೇಕ್ ಎಳೆದ. ಆ ದಿನ ಊಟವನ್ನೂ ಬಿಟ್ಟು ಎದ್ದ. ಅಷ್ಟೂ ಎದೆಗಾರಿಕೆ ಇಲ್ಲದವನಿಗೆ ಇಷ್ಟೆತ್ತರದ ಗಾಡಿ!

ಬೀದಿ ಗಾಡಿಗೆ ಜಿರಾಫೆ ಎಂದು ಹೆಸರಿಟ್ಟಿತು. ಸರಕು ಹೇರಲು ಕೆಲಸಗಾರರು ಗೊಣಗಿದಾಗ ಮಗನೇ ಬಾಗಿಲುಗಳನ್ನು ಹೊತ್ತು ಏರಿಸತೊಡಗಿದ. ಹೆಗಲು ಬಾತುಕೊಂಡಿತು. ಮೇಸ್ತ್ರಿಗೆ ಕರುಣೆ ಬರಲಿಲ್ಲ. ಮಾಡಿದ್ದುಣ್ಣಲಿ ಎಂದುಕೊಂಡರು.

"ನೀನಾದ್ರೂ ಬುದ್ಧಿ ಹೇಳಬಾರದೇನಮ್ಮ?" ಎಂದು ಸೊಸೆಯನ್ನು ಕೇಳಿದರು.

ಅವಳು ಕಾಫಿ ಲೋಟವನ್ನು ಅವರ ಕೈಗೇ ಇಟ್ಟು, ಬೆರಳು ಮುಚ್ಚುವವರೆಗೂ ಬಿಡಲಿಲ್ಲ. "ಅವರಿಗೆ ಮನಸ್ಸಲ್ಲಿರೋದನ್ನ ಬಾಯಿ ಬಿಟ್ಟು ಹೇಳೋಕೆ ಬರಲ್ಲ ಮಾವ. ಅದಕ್ಕೇ ಹೀಗೆಲ್ಲ ಮಾಡ್ತಾರೆ."

"ಬಾಯಿ ಬರದೋನಿಗೆ ಶೋಕಿ ಬರತ್ತೆ."

ಕೊನೆಗೆ ಮೇಸ್ತ್ರಿಯೇ ಒಂದು ನಿರ್ಧಾರಕ್ಕೆ ಬಂದರು. ಒಂದು ಬೆಳಗ್ಗೆ ಕಾರ್ಖಾನೆಯ ಸ್ಟೂಲನ್ನು ಎಳೆದುಕೊಂಡು ಹೋಗಿ, ಗಾಡಿಯ ಪಕ್ಕ ಇಟ್ಟು, ಏರಿ ಕೂತೇಬಿಟ್ಟರು. ಸ್ಟೇರಿಂಗ್ ಹಿಡಿದಾಗ ಮೈ ಜುಮ್ಮೆಂದಿತು. ಸೊಸೆ ಅಡುಗೆಮನೆಯಿಂದ ಓಡಿ ಬಂದಳು. ಮಗ ಒದ್ದೆ ತಲೆಯಲ್ಲೇ ಬಂದ. ಇಬ್ಬರ ಮುಖದಲ್ಲೂ ರಕ್ತವಿರಲಿಲ್ಲ. ಗಾಡಿಗೆ ಗೀರು ಬಿದ್ದೀತೆಂಬ ಭಯ, ಮತ್ತಿನ್ನೇನು.

"ಬೀಗದಕೈ ಕೊಡು. ನಾನೇ ಓಡಿಸ್ಕೊಂಡು ಹೋಗಿ ಇಳಿಸ್ಕೊಂಡು ಬರ್ತೀನಿ."

"ಬೇಡಪ್ಪ. ನಾನೇ ಹೋಗ್ತೀನಿ. ಇವತ್ತೇ ಹೋಗ್ತೀನಿ."

ಮಗ ಕೈ ಹಿಡಿದು ಅವರನ್ನು ಇಳಿಸಿದ. ಇಳಿಯಲು ಕೈ ಕೊಡುತ್ತಾನೆ, ಹತ್ತಲು ಕೊಡುವುದಿಲ್ಲ. ಎಂಥ ಮಗ! ಆದರೂ ಗಾಡಿ ಗ್ಯಾರೇಜಿನ ಕಡೆ ಹೊರಟ ಸದ್ದು ಕೇಳಿ ಮೇಸ್ತ್ರಿ ಗೆದ್ದವರಂತೆ ಪಕ್ಕದ ಮನೆಯವರಿಗೆ ಕೂಗಿ ಹೇಳಿದರು: "ಬುದ್ಧಿ ಬಂತು ನೋಡಿ! ಜಿರಾಫೆ ಕತ್ತು ಇವತ್ತು ಗಿಡ್ಡ ಆಗತ್ತೆ."

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. ಅವನಿಗೂ ಬೀದಿಯ ಬೈಗುಳ ಸಾಕಾಗಿತ್ತು. "ನಿನ್ನ ಜೊತೆ ನನ್ನ ಮಾನಾನೂ ಹೋಯ್ತು ಮಾರಾಯ. ಇಳಿಸೋಕೆ ತಾನೇ ಬಂದೆ?"

"ಇಲ್ಲಣ್ಣ. ಇನ್ನೂ ಎತ್ತರಿಸು."

ಮೆಕ್ಯಾನಿಕ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ತಲೆ ನೆಟ್ಟಗಿದೆಯಾ?"

"ಅಪ್ಪ ಸ್ಟೂಲ್ ಹಾಕ್ಕೊಂಡು ಹತ್ತಿಬಿಟ್ರು. ಸ್ಟೂಲ್ ಇಟ್ರೂ ಕಾಲು ಎಟುಕಬಾರದು, ಅಷ್ಟು ಎತ್ತರಿಸು." ಮಗ ಬಾತ ಹೆಗಲನ್ನು ನೀವಿಕೊಂಡ. "ಶಾಲೆ ಮುಂದಿನ ಆ ಹುಡುಗಿ ಎಲ್ಲಿಂದಲೋ ಓಡಿ ಬರಲಿಲ್ಲ ಅಣ್ಣ. ಎದುರಿಗೇ ನಿಂತಿದ್ಲು."

ಮೆಕ್ಯಾನಿಕ್‌ನ ಕೈಯಲ್ಲಿನ ಬಟ್ಟೆ ನಿಂತಿತು. "ಹಾಗಂತ ಮೇಸ್ತ್ರಿಗೆ ಹೇಳಿಬಿಡಬಾರದೇನೋ?"

"ಮಗ ಶೋಕಿಲಾಲ ಅಂದ್ಕೊಂಡು ದಿನಾ ಬೈಕೊಂಡು ಓಡಾಡಲಿ ಬಿಡಣ್ಣ, ಕಣ್ಣು ಹೋಗಿದೆ ಅಂತ ಗೊತ್ತಾದ್ರೆ ಆ ಮನುಷ್ಯ ಮನೆಯಿಂದ ಹೊರಗೇ ಬರಲ್ಲ."