ಬಾಡಿಗೆ ಬಕೆಟ್

ಹಾಸ್ಟೆಲ್‌ನಲ್ಲಿ ಬಿಸಿನೀರು ಏಳು ಗಂಟೆಗೆಲ್ಲ ಖಾಲಿಯಾಗುತ್ತಿತ್ತು. ಬಚ್ಚಲಮನೆಯ ಮುಂದಿನ ಸಾಲಿನಲ್ಲಿ ಯಾರ ಬಕೆಟ್ ಮೊದಲಿರುತ್ತದೋ ಅವರ ಸ್ನಾನ ಮೊದಲು. ಅದಕ್ಕಾಗಿ ಐದಕ್ಕೇ ಏಳಬೇಕು. ಸಿಂಚನಾ ಸಂತೆಯಿಂದ ಐದು ಬಕೆಟ್ ತಂದಳು. ದಿನಾ ನಸುಕಿನಲ್ಲೇ ಅವನ್ನು ಸಾಲಿನ ಮುಂದಿಟ್ಟು ಬಾಡಿಗೆಗೆ ಕೊಡತೊಡಗಿದಳು.

ಮೂರನೆಯ ವಾರ ವಾರ್ಡನ್ ಕೈಗೆ ಸಿಕ್ಕಿಬಿದ್ದಳು.

“ಒಬ್ಬಳಿಗೆ ಐದು ಬಕೆಟ್ ಯಾಕೆ?”

“ಮಲಗಿರೋರಿಗೆ ಮೇಡಂ. ಅವರ ಪಾಳಿ ನಾನು ಹಿಡಿದಿಡ್ತೀನಿ.”

“ಬಾಡಿಗೆ ಎಷ್ಟು?”

“ದುಡ್ಡು ತಗೊಳಲ್ಲ ಮೇಡಂ. ಭಾನುವಾರ ಮೆಸ್‌ನಲ್ಲಿ ವಡೆ ಕೊಡ್ತಾರಲ್ಲ, ಅದನ್ನ ನಂಗೆ ಕೊಡಬೇಕು.”

“ಓದೋಕೆ ಬಂದಿದ್ದೀಯೋ ವ್ಯಾಪಾರಕ್ಕೋ? ಅಷ್ಟೂ ಬಕೆಟ್ ನನ್ನ ರೂಮಿಗೆ ತಂದಿಡು.”

ತಂದಿಟ್ಟಳು. ಮಾರನೆಯ ಬೆಳಿಗ್ಗೆ ನೋಡಿದರೆ ಐದೂ ಬಕೆಟ್ ಸಾಲಿನ ಮುಂದೆಯೇ ಇದ್ದವು. ಮೇಡಂ ಮನಸ್ಸು ಕರಗಿದೆ ಎಂದುಕೊಂಡಳು ಸಿಂಚನಾ.

ಭಾನುವಾರ ದೊಡ್ಡ ತಟ್ಟೆ ಹಿಡಿದು ಮೆಸ್ಸಿನ ಬಾಗಿಲ ಬಳಿಯೇ ಕುಳಿತಳು. ಬಕೆಟ್ ಬಾಡಿಗೆಗೆ ಪಡೆದಿದ್ದ ಐವರು ಹುಡುಗಿಯರೂ ತಲೆ ತಗ್ಗಿಸಿಕೊಂಡು ಅವಳನ್ನು ದಾಟಿ ಹೋಗಿ, ತಮ್ಮ ತಮ್ಮ ವಡೆಯನ್ನು ವಾರ್ಡನ್ ತಟ್ಟೆಗೆ ಹಾಕಿದರು.