ಗಾಡಿಯ ಬಾಯಿ

ಗುರುಬಸವ ಬೆರಳನ್ನು ಮೂಗಿಗೆ ಹಿಡಿದ. ಪೆಟ್ರೋಲ್ ಅಲ್ಲ, ಆಯಿಲ್ ಅಲ್ಲ. ಇನ್ನೊಮ್ಮೆ ಮೂಸಿದ. ಲೋಬಾನ.

ಅಂಗಳದಲ್ಲಿ ಹಾಸಿದ ಗೊಬ್ಬರದ ಚೀಲದ ಮೇಲೆ ಅವನ ಏಳು ಸೀಟಿನ ಗಾಡಿಯ ಥ್ರಾಟಲ್ ಬಾಡಿ ಕೂತಿತ್ತು. ಅಂಗೈಯಗಲದ ಅಲ್ಯೂಮಿನಿಯಂ ಕೊಳವೆ, ನಡುವೆ ತೆರೆದು ಮುಚ್ಚುವ ಒಂದು ದುಂಡು ಬಿಲ್ಲೆ. ಎಂಜಿನ್ ಉಸಿರಾಡುವುದು ಅದರ ಮೂಲಕವೇ. ಮೂರು ವಾರದಿಂದ ಎಕ್ಸಿಲೇಟರ್ ಮೇಲಿಂದ ಕಾಲು ತೆಗೆದರೆ ಸಾಕು, ಗಾಡಿ ಬಂದ್ ಬೀಳುತ್ತಿತ್ತು. ಶನಿವಾರ ಮಸ್ಕಿ ಬಸ್ ಸ್ಟ್ಯಾಂಡಿನ ಮುಂದೆ ಮೂರು ಸಲ ಬಿತ್ತು. ಹಿಂದಿನ ಲಾರಿಯವನ ಬೈಗುಳವನ್ನು ಒಳಗಿದ್ದ ಐವರು ಟೀಚರುಗಳೂ ಕೇಳಿಸಿಕೊಂಡರು. ದಿನಾ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗಿಬರುವ ಆ ಐವರೇ ಅವನ ಕಾಯಂ ಗಿರಾಕಿಗಳು. ಇಳಿಯುವಾಗ ಅಖ್ತರಬೇಗಂ ಟೀಚರು ಹೇಳಿದ್ದರು: “ಸೋಮವಾರ ಒಮ್ಮೆ ಬಂದ್ ಬಿದ್ರೂ ನಾವು ಬ್ಯಾರೆ ಗಾಡಿ ನೋಡ್ಕೋತೀವಿ ಗುರುಬಸವ. ಬೇಜಾರ ಮಾಡ್ಕೋಬ್ಯಾಡ.” ಗ್ಯಾರೇಜಿನವನು ಎರಡು ದಿನ ಬಿಟ್ಟುಹೋಗು ಎಂದ. ಹಾಗಾಗಿ ಭಾನುವಾರ ಮೊಬೈಲಿನಲ್ಲಿ ವಿಡಿಯೊ ನೋಡುತ್ತ, ಬ್ಯಾಟರಿಯ ವೈರ್ ಕಳಚಿ, ನಾಲ್ಕು ಬೋಲ್ಟ್ ಬಿಚ್ಚಿ ತಾನೇ ಕೂತಿದ್ದ.

ಬಿಲ್ಲೆಯ ಅಂಚಿಗೆ ಕರಿ ಮಸಿ ಹಿಡಿದಿರುತ್ತದೆ ಎಂದು ವಿಡಿಯೊದವನು ಹೇಳಿದ್ದ. ಮಸಿ ಇತ್ತು. ಅದರ ಕೆಳಗೆ ಬೆಲ್ಲದ ಪಾಕದಂಥ ಹಳದಿ ಅಂಟು ಇರುತ್ತದೆ ಎಂದು ಹೇಳಿರಲಿಲ್ಲ.

“ಏನ್ರಿ, ಅದನ್ಯಾಕ ಮೂಸಾಕತ್ತೀರಿ?” ಹೆಂಡತಿ ಶಿವಕುಮಾರಿ ಚಹಾ ತಂದಿಟ್ಟಳು.

“ಎಂಜಿನ್ನಿನೊಳಗ ಲೋಬಾನ ಹೆಂಗ ಹೋತು?”

“ನಾನ ಹಿಡಿತೀನಲ್ಲ. ಮುಂಜಾನಿ ನೀವು ಗಾಡಿ ಚಾಲೂ ಮಾಡಿಟ್ಟು ಚಹಾ ಕುಡಿಯಾಕ ಒಳಗ ಬರ್ತೀರಿ, ಅವಾಗ.”

“ಅದು ಗೊತ್ತೈತಿ. ಸುತ್ತ ತಿರುಗಿಸಿ ಬಿಡ್ತಿ ಅನ್ಕೊಂಡಿದ್ದೆ.”

“ಸುತ್ತ ಹಿಡಿದ್ರ ಗಾಡಿಗೆ ಏನ್ ಮುಟ್ಟತೈತಿ? ಬಾಯಿಗೇ ಹಿಡಿತೀನಿ.” ಮುಂದಿನ ಜಾಲರಿಯ ಹಿಂದೆ, ಗಾಳಿ ಒಳಗೆ ಹೋಗುವ ಕರಿ ಪೈಪಿನ ತುದಿ ತೋರಿಸಿದಳು. ಆಮೇಲೆ ದನಿ ತಗ್ಗಿಸಿದಳು. “ಹೊಗಿ ಅಂದ್ರ ಮ್ಯಾಲ ಹೋಗಬೇಕು, ಹೌದಲ್ರಿ? ಇಲ್ಲಿ ಹೋಗಂಗಿಲ್ಲ. ಬಗ್ಗಿ ಸೀದಾ ಒಳಗ ಹೊಕ್ಕೈತಿ. ದೇವರ ಜಗಲಿ ಮುಂದನೂ ಹಂಗ ಹೋಗಿದ್ದು ನಾ ನೋಡಿಲ್ಲ. ದೇವರು ತಗೋತಾನ, ಅದಕ್ಕ.”

“ಎಷ್ಟು ದಿನಾ ಆತು?”

“ಮುದಗಲ್ ರೋಡಿನಾಗ ಲಾರಿ ನಿಮ್ಮ ಗಾಡಿ ಕನ್ನಡಿ ಒಡಕೊಂಡು ಹೋತಲ್ಲ, ಅದರ ಮರುದಿನದಿಂದ. ಎರಡು ತಿಂಗಳು. ಅವತ್ತಿನಿಂದ ಒಂದು ಪಂಚರಾರ ಆಗೈತೇನು, ಹೇಳ್ರಿ?”

ಗುರುಬಸವ ನೆನಪು ಮಾಡಿಕೊಂಡ. ಆಗಿರಲಿಲ್ಲ. ಮಸಿ ತೊಳೆಯುವ ಸ್ಪ್ರೇ ಡಬ್ಬಿ ಕೈಗೆತ್ತಿಕೊಂಡ. “ಅದು ದೇವರಲ್ಲ ಲೇ, ಎಂಜಿನ್. ಗಾಳಿ ಎಳಕೊಂತೈತಿ. ಫಿಲ್ಟರ್ ಧೂಳು ಹಿಡಿತೈತಿ, ಹೊಗಿ ಹಿಡಿಯಂಗಿಲ್ಲ. ನೀ ದಿನಾ ಅದರ ಗಂಟಲಿಗೆ ಅಂಟು ಬಳದಿ.”

ಸ್ಪ್ರೇ ಹೊಡೆದು ಹಳೆಯ ಹಲ್ಲಿನ ಬ್ರಷ್ಷಿನಿಂದ ತಿಕ್ಕಿದ. ಅವಳು ಹೋಗಲಿಲ್ಲ. ಮೊಬೈಲಿನ ಬೆಳಕು ಹಿಡಿದು ಕೊಳವೆಯೊಳಗೆ ಬಗ್ಗಿ ನೋಡಿದಳು. ಕಾಲು ತೆಗೆದಾಗಲೇ ಯಾಕೆ ಬಂದ್ ಬೀಳುತ್ತದೆ ಎಂದು ಕೇಳಿದಳು.

“ಕಾಲು ತೆಗೆದ್ರ ಬಿಲ್ಲೆ ಮುಚ್ಚತೈತಿ. ಕೂದಲಷ್ಟು ಸಂದು ಉಳಿತೈತಿ. ಅಷ್ಟರಾಗ ಉಸಿರಾಡಬೇಕು ಅದು.”

“ಆ ಸಂದು ನಾ ಮುಚ್ಚಿದೆ ಅನ್ರಿ ಹಂಗಾರ.”

ಸಂಜೆಯ ಹೊತ್ತಿಗೆ ಎಲ್ಲ ಕೂಡಿಸಿ ಚಾಲೂ ಮಾಡಿದ. ಎಂಜಿನ್ ಮೊದಲು ಅಬ್ಬರಿಸಿತು, ಆಮೇಲೆ ತಗ್ಗಿತು. ಕಾಲು ತೆಗೆದ. ಬಂದ್ ಬೀಳಲಿಲ್ಲ. ಇನ್ನೂ ಐದು ನಿಮಿಷ ಕಾದ. ಬೀಳಲಿಲ್ಲ.

ಅಷ್ಟರಲ್ಲಿ ಶಿವಕುಮಾರಿ ಧೂಪದ ಬಟ್ಟಲಿಗೆ ನೀರೊಲೆಯ ಕೆಂಡ ತುಂಬಿ, ಮೇಲೆ ಲೋಬಾನ ಉದುರಿಸಿಕೊಂಡು ಬಂದಳು. “ಬಂದ್ ಮಾಡ್ರಿ,” ಎಂದಳು. ಮಾಡಿದ. ಹೊಗೆ ನೆಟ್ಟಗೆ ಮೇಲೇರಿತು. “ಚಾಲೂ ಮಾಡ್ರಿ.” ಹೊಗೆ ಬಾಗಿ ಪೈಪಿನೊಳಗೆ ಹೋಯಿತು. ನಾಲ್ಕು ಸಲ ಹಾಗೆ ಮಾಡಿಸಿದಳು. ಆಮೇಲೆ ಬಟ್ಟಲು ಹಿಡಿದುಕೊಂಡೇ ರಸ್ತೆ ದಾಟಿದಳು. ಎದುರು ಮನೆಯ ಚಾಂದ್‌ಪಾಷಾ ತನ್ನ ಗೂಡ್ಸ್ ಆಟೊ ಒರೆಸುತ್ತಿದ್ದ.

“ಪಾಷಾ ಅಣ್ಣಾ, ನಿಮ್ಮ ಗಾಡಿ ಬಾಯಿ ಎಲ್ಲೈತಿ?”

“ಬಾಯಿ ಇದ್ದಿದ್ರ ಇಷ್ಟೊತ್ತಿಗೆ ನನ್ನ ಬೈತಿತ್ತಲ್ಲ ಯಕ್ಕಾ!” ಎಂದು ಅವನು ನಕ್ಕ. ಗಾಳಿ ಎಳೆಯುವ ಪೈಪು ಎಂದು ತಿಳಿದ ಮೇಲೆ ತೋರಿಸಿ, ಆಟೊ ಚಾಲೂ ಮಾಡಿದ. ಅಲ್ಲಿಯೂ ಹೊಗೆ ಬಾಗಿತು.

ಅವಳು ತಿರುಗಿ ಬಂದು ಕೆಂಡದ ಮೇಲೆ ಒಂದು ತಂಬಿಗೆ ನೀರು ಸುರಿದಳು. “ಅದೂ ತಗೊಂತು. ಆ ಗಾಡಿಗೆ ನಾ ಏನೂ ಬೇಡಿಕೊಂಡಿರಲಿಲ್ಲ. ನೀವಂದಿದ್ದ ಖರೆ. ಬರೇ ಗಾಳಿ.” ದನಿಯಲ್ಲಿ ಬೇಸರವಿರಲಿಲ್ಲ. ಗೊತ್ತಿರದಿದ್ದದ್ದು ಗೊತ್ತಾಯಿತು, ಅಷ್ಟೆ.

ಸೋಮವಾರ ಬೆಳಿಗ್ಗೆ ಗಾಡಿ ಅಂಗಳದಲ್ಲಿ ಒಂದೇ ಸಮನೆ ಗುನುಗುತ್ತಿತ್ತು. ಶಿವಕುಮಾರಿ ಬುತ್ತಿ ಡಬ್ಬಿಯನ್ನು ಪಕ್ಕದ ಸೀಟಿಗಿಟ್ಟು ಬಾಗಿಲಿಗೆ ಹೋಗಿ ನಿಂತಳು. ಕೈ ಖಾಲಿ. ಅಖ್ತರಬೇಗಂ ಟೀಚರ ಫೋನ್ ಬಂತು. “ಹೊಂಟೆ ಟೀಚರ್,” ಎಂದು ಗುರುಬಸವ ಗೇರ್ ಹಾಕಿದ. ಕ್ಲಚ್ಚಿನ ಮೇಲಿಂದ ಕಾಲು ಎತ್ತಲಿಲ್ಲ.

“ಯಾಕ್ರಿ? ಮತ್ತ ಬಂದ್ ಬೀಳಾಕತ್ತೈತೇನು?”

“ಇಲ್ಲ.” ಬಲಗಡೆಯ ಹೊಸ ಕನ್ನಡಿಯನ್ನು ಒಮ್ಮೆ ನೋಡಿದ. “ನೀರೊಲಿಯಾಗ ಕೆಂಡ ಅದಾವೇನು?”